ಶುಕೂರ್ ಸಾಹೇಬರು ನಿವೃತ್ತರಾದ ಬಗೆ

೨೦೧೯ನೆಯ ಇಸವಿ ಜನವರಿ ೧೦, ಗುರುವಾರ. ಹೇಮಂತ ಋತು, ಪುಷ್ಯ ಮಾಸ. ಚನ್ನಪಟ್ಟಣದಲ್ಲಿ ಆ ದಿನ ಬೆಳಿಗ್ಗೆ ಎಂಟೂವರೆಯಾದರೂ ಮಂಜು ಸರಿದಿರಲಿಲ್ಲ. ಮೈಸೂರು ರಸ್ತೆಯ ಬಸ್ಸುಗಳು ದೀಪ ಹಾಕಿಕೊಂಡೇ ಓಡುತ್ತಿದ್ದವು. ಅಂಥ ಚಳಿಯಲ್ಲಿ ಟೋಪಿಯಿಲ್ಲದೆ, ಶಾಲಿಲ್ಲದೆ, ತೋಳಿಗೆ ಮೆತ್ತಿದ ಮರದ ಪುಡಿಯನ್ನೂ ಕೊಡವದೆ ಅಬ್ದುಲ್ ಶುಕೂರ್ ಸಾಹೇಬರು ನಮ್ಮ ಮನೆಯ ಜಗಲಿ ಹತ್ತಿ ಬಂದರು.

“ಮೇಷ್ಟ್ರೇ, ಸಿಕ್ತು! ದಾರಿ ಸಿಕ್ತು!”

“ಯಾವ ದಾರಿ? ಮೊದಲು ಕೂತ್ಕೊಳ್ಳಿ.”

“ಕೂತ್ಕೊಳ್ಳೋಕೆ ಟೈಮ್ ಎಲ್ಲೈತೆ? ವಯಸ್ಸಾದೋರಿಗೆ ಅಂತಾನೇ ಒಂದು ವೀಸಾ ಐತಂತೆ! ಐವತ್ತು ದಾಟಿರ್ಬೇಕಂತೆ. ಇಷ್ಟು ದಿನ ಮುದುಕ ಮುದುಕ ಅಂತ ಮನೇಲಿ ಬೈಸ್ಕೊಂಡಿದ್ದೇ ಬಂತು. ಈಗ ನೋಡಿ, ಅದೇ ಕ್ವಾಲಿಫಿಕೇಶನ್ನು!”

ಅವರ ಸಂಭ್ರಮದ ಕಾರಣ ತಿಳಿಯಬೇಕಾದರೆ ಹಿಂದಿನದನ್ನು ಕ್ರಮವಾಗಿ ಹೇಳಬೇಕು. ಶುಕೂರ್ ಸಾಹೇಬರು ಹುಟ್ಟಿದ್ದು ೧೯೫೫ನೆಯ ಸೆಪ್ಟೆಂಬರ್ ೩ರಂದು. ಪುರಸಭೆಯ ದಾಖಲೆಯಲ್ಲಿ ಸೆಪ್ಟೆಂಬರ್ ೮ ಎಂದಿದೆ; ಅದು ತಂದೆ ಹೋಗಿ ಬರೆಸಿದ ದಿನವೇ ಹೊರತು ಹುಟ್ಟಿದ ದಿನವಲ್ಲ. ತಂದೆ ಮಕ್ಬೂಲ್ ಸಾಹೇಬರು ಬಡಾಮಕಾನ್ ಪಕ್ಕದ ಬೀದಿಯಲ್ಲಿ ಬೊಂಬೆಯ ಕೆಲಸ ಮಾಡುತ್ತಿದ್ದರು. ತಾಯಿ ೧೯೬೦ರಲ್ಲಿ ತೀರಿಕೊಂಡಾಗ ಹುಡುಗನಿಗೆ ಐದು ವರ್ಷ. ಅಕ್ಕ ಅಮೀರುನ್ನೀಸಾಗೆ ಹದಿಮೂರು. ಅಂದಿನಿಂದ ಹುಡುಗನಿಗೆ ಅನ್ನ ಕಲಸಿ ಹಾಕಿದವಳು, ತಲೆಗೆ ಎಣ್ಣೆಯೊತ್ತಿದವಳು, ಮದರಸೆಗೆ ಕಿವಿ ಹಿಡಿದು ಎಳೆದೊಯ್ದವಳು ಅವಳೇ. ೧೯೬೮ನೆಯ ಮೇ ೧೨, ಭಾನುವಾರ ಅವಳ ಮದುವೆಯಾಯಿತು. ವರ ನಾಗೂರಿನ ಕಡೆಯವರು. ಥಾಯ್ಲೆಂಡಿನ ದಕ್ಷಿಣದ ಹಾಟ್ ಯಾಯ್ ಎಂಬ ಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ನಾಗಪಟ್ಟಣದಲ್ಲಿ ಹಡಗು ಹತ್ತಿ ಹೋದ ಅಕ್ಕ ಆಮೇಲೆ ಊರಿಗೆ ಬಂದದ್ದು ಮೂರೇ ಸಲ. ಅವಳು ಹೋದ ಮರುತಿಂಗಳೇ, ಹದಿಮೂರು ತುಂಬದ ತಮ್ಮ ಮರ ಕಡೆಯುವ ಲೇತಿನ ಮುಂದೆ ನಿಂತ. ಮತ್ತೆ ಅಲ್ಲಿಂದ ಕದಲಲಿಲ್ಲ.

೨೦೧೮ನೆಯ ಅಕ್ಟೋಬರಿನಲ್ಲಿ ಅಕ್ಕನ ಗಂಡ ತೀರಿಕೊಂಡರು. ಮಕ್ಕಳಿಲ್ಲ. ಎಪ್ಪತ್ತೊಂದರ ಅಕ್ಕನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಚನ್ನಪಟ್ಟಣಕ್ಕೆ ಬಂದುಬಿಡೆಂದರೆ, ಗಂಡನ ಗೋರಿಯಿರುವ ಊರನ್ನು ಬಿಟ್ಟು ಬರುವುದಿಲ್ಲವೆಂದಳು. ರಂಜಾನ್ ತಿಂಗಳೊಳಗೆ ತನ್ನ ಜೊತೆಗೆ ಯಾರೂ ಬರದಿದ್ದರೆ ಮನೆಯನ್ನು ಮಸೀದಿಗೆ ಒಪ್ಪಿಸಿ, ಅನಾಥ ವೃದ್ಧೆಯರಿರುವ ಆಶ್ರಮಕ್ಕೆ ಸೇರುತ್ತೇನೆಂದು ಫೋನಿನಲ್ಲಿ ಹೇಳಿದಳು. ಆ ಮಾತು ಕೇಳಿದ ದಿನದಿಂದ ಶುಕೂರ್ ಸಾಹೇಬರ ಊಟ ಅರ್ಧಕ್ಕಿಳಿದಿತ್ತು. ಪ್ರವಾಸಿಗಳ ವೀಸಾದಲ್ಲಿ ಹೋದರೆ ತಿಂಗಳೆರಡು ತಿಂಗಳಲ್ಲಿ ಹೊರಡಬೇಕು. ತಮ್ಮನೆಂಬ ನಂಟಿಗೆ ಅಲ್ಲಿನ ಕಾನೂನಿನಲ್ಲಿ ಬೇರೆ ದಾರಿಯಿಲ್ಲ. ಹೀಗಿರುವಾಗ ಆ ದಿನ ಬೆಳಿಗ್ಗೆ ಅಕ್ಕನೇ ಫೋನು ಮಾಡಿ, ನಿವೃತ್ತರಾದವರಿಗೆ ವರ್ಷಕಾಲ ಇರಲು ಕೊಡುವ, ವರ್ಷವರ್ಷವೂ ಮುಂದುವರಿಸಬಹುದಾದ ವೀಸಾದ ಸುದ್ದಿಯನ್ನು ತಿಳಿಸಿದ್ದಳು.

ಬ್ಯಾಂಕಿನಲ್ಲಿ ಎಂಟು ಲಕ್ಷ ಥಾಯ್ ಬಾತ್‌ಗೆ ಸಮನಾದ ಹಣ ತೋರಿಸಬೇಕು ಎಂಬುದು ಮುಖ್ಯ ಷರತ್ತು. ದೈವವಶಾತ್ ಹಿಂದಿನ ವರ್ಷ ಅವರ ಹಿತ್ತಲಿನ ಜಾಗ ಹೊಸ ರಸ್ತೆಗೆ ಹೋಗಿ ಪರಿಹಾರ ಬಂದಿತ್ತು; ಅದು ಮುಟ್ಟದೆ ಇದ್ದುದರಿಂದ ಆ ಚಿಂತೆ ಇರಲಿಲ್ಲ. ಉಳಿದದ್ದು ಓಡಾಟ. ಇಂಗ್ಲಿಷಿನ ಕಾಗದಗಳಿಗೆ ನಾನು, ಓಡಾಟಕ್ಕೆ ಅವರು ಎಂದು ಗೊತ್ತುಮಾಡಿಕೊಂಡೆವು.

ಆ ಮುಂದಿನ ಐದು ವಾರ ಬೀದಿಗೆಲ್ಲ ಮದುವೆ ಮನೆಯ ಕಳೆ. ರಾಮನಗರದ ಆಸ್ಪತ್ರೆಯಲ್ಲಿ ಆರೋಗ್ಯದ ಪ್ರಮಾಣಪತ್ರಕ್ಕೆ ಹೋದಾಗ ಶುಕೂರ್ ಸಾಹೇಬರ ಪತ್ನಿ ವಜೀರಾ ಬೀಬಿಯವರೂ ಜೊತೆಗಿದ್ದರು. ಯಾವ ಯಾವ ರೋಗಗಳಿಲ್ಲವೆಂದು ಬರೆದುಕೊಡಬೇಕೆಂಬುದನ್ನು ಓದಿ ತರುಣ ವೈದ್ಯರಿಗೆ ನಗು ತಡೆಯಲಾಗಲಿಲ್ಲ.

“ಸಾಬ್ರೇ, ನಿಮಗೆ ಆನೆಕಾಲು ರೋಗ ಇಲ್ಲ ಅಂತ ಬರ್ದು ಕೊಡ್ಬೇಕಂತೆ.”

ಸಾಹೇಬರು ಆ ಕ್ಷಣವೇ ಪೈಜಾಮವನ್ನು ಮೊಣಕಾಲಿನವರೆಗೆ ಎತ್ತಿ, “ನೋಡ್ಕೊಳ್ಳಿ ಡಾಕ್ಟ್ರೇ, ಎರಡೂ ಹಂಚಿಕಡ್ಡಿ!” ಎಂದರು.

“ಆನೆಕಾಲು ಇಲ್ಲ ಅನ್ನೋದು ಸರಿ,” ಎಂದರು ವಜೀರಾ ಬೀಬಿ, “ಕೋತಿಕಾಲು ಐತೆ ಅಂತ ಒಸಿ ಸೇರ್ಸಿ ಬರೀರಿ. ವೀಸಾ ಅಂದಾಗಿಂದ ನಿಂತ ಕಡೆ ನಿಂತಿಲ್ಲ.”

ಪೊಲೀಸರ ಪತ್ರವೂ ಬೇಕಿತ್ತು. ವಿಚಾರಣೆಗೆ ಮನೆಗೆ ಬಂದ ಪೇದೆ ಟೀ ಕುಡಿಯುತ್ತ, “ಏನ್ ಸಾಬ್ರೇ, ನಿಮ್ಮೇಲೆ ಒಂದು ಕೇಸೂ ಇಲ್ವಲ್ರೀ. ಅರವತ್ತಮೂರು ವರ್ಷ ಏನ್ ಮಾಡ್ತಿದ್ರಿ?” ಎಂದು ಹಾಸ್ಯ ಮಾಡಿದರು.

“ಬುಗುರಿ ಮಾಡ್ತಿದ್ದೆ ಸಾರ್,” ಎಂದು ಸಾಹೇಬರು ಗಂಭೀರವಾಗಿ ಉತ್ತರಿಸಿ, ಒಂದು ಬುಗುರಿಯನ್ನು ಅವರ ಕೈಗಿತ್ತರು.

ಅಕ್ಕೂರಿನ ಕಡೆಯಿಂದ ಬೊಂಬೆಗೆ ಆಲೆಮರ ತಂದು ಹಾಕುವ ಚಿಕ್ಕಹನುಮಯ್ಯ ಸಾಹೇಬರ ಬಾಲ್ಯದ ಗೆಳೆಯ. ಮರ ಇಳಿಸುತ್ತಲೇ ಅವನು ಕೆಣಕಿದ: “ಏನ್ಲಾ ಶುಕೂರಾ, ಫಾರಿನ್‌ಗೆ ಹೊಂಟ್ಬುಟ್ಟಂತೆ! ಅಲ್ಲಿ ಮುದ್ದೆ ಸಿಕ್ಕಲ್ಲ ಕಣ್ಲಾ, ಏನ್ ತಿಂತೀಯ?”

“ನಮ್ಮಕ್ಕ ಐವತ್ತು ವರ್ಷ ಏನ್ ತಿಂದ್ಲೋ ಅದೇ ತಿಂತೀನಿ, ಸುಮ್ನಿರ್ಲಾ.”

“ಹೋದೋನು ನನ್ನೂ ಕರ್ಸ್ಕೊ. ನಂಗೂ ಐವತ್ತು ದಾಟೈತೆ.”

“ನಿಂಗೆ ಬುದ್ಧಿ ಐವತ್ತು ದಾಟಿಲ್ಲ. ಅವ್ರು ಅದ್ನೂ ನೋಡ್ತಾರೆ.”

ಕಾಗದಗಳು ಸಿದ್ಧವಾದವು. ೨೦೧೯ನೆಯ ಫೆಬ್ರವರಿ ೧೯, ಮಂಗಳವಾರ ನಾವಿಬ್ಬರೂ ಬೆಂಗಳೂರಿನಿಂದ ರೈಲಿನಲ್ಲಿ ಚೆನ್ನೈಗೆ ಹೊರಟು, ಮಾರನೆಯ ದಿನ ಬುಧವಾರ ಬೆಳಿಗ್ಗೆ ಥಾಯ್ ದೂತಾವಾಸದ ಕಚೇರಿಯಲ್ಲಿದ್ದೆವು. ನಮ್ಮ ಬೀದಿಯಲ್ಲಿ ಈಗಲೂ ಕೆಲವರು ೨೧ನೆಯ ತಾರೀಖು ಎನ್ನುತ್ತಾರೆ, ಅದು ತಪ್ಪು. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಶೇರ್ವಾನಿ ಧರಿಸಿದ್ದರು. ಹಜಾರದಲ್ಲಿ ಕುಳಿತವರಿಗೆಲ್ಲ ಸಲಾಮು ಮಾಡಿದರು. ಕಾವಲುಗಾರನಿಗೆ ಎರಡು ಸಲ ಮಾಡಿದರು.

ಕಿಟಕಿಯ ಆಚೆ ಕನ್ನಡಕ ಧರಿಸಿದ ಥಾಯ್ ಅಧಿಕಾರಿಯೊಬ್ಬರು, ಅವರ ಪಕ್ಕದಲ್ಲಿ ತಮಿಳು ಗುಮಾಸ್ತೆಯೊಬ್ಬಳು. ನಾನು ಸಾಹೇಬರ ಬೆನ್ನ ಹಿಂದೆ ನಿಂತೆ. ಬೊಂಬೆ ಕೊಳ್ಳಲು ಬರುವ ವಿದೇಶಿಯರೊಡನೆ ಮಾತಾಡಿ ಕಲಿತ ಇಂಗ್ಲಿಷು ಅವರಿಗೆ ಸಾಕಷ್ಟು ಬರುತ್ತಿತ್ತು. ಹಣದ ಕಾಗದ ಸರಿಯಾಗಿತ್ತು, ಆರೋಗ್ಯದ್ದೂ ಸರಿಯಾಗಿತ್ತು. ಅಧಿಕಾರಿ ಪುಟಗಳನ್ನು ಜೋಡಿಸುತ್ತ, ಮಾತಿಗೆಂಬಂತೆ ಕೇಳಿದರು: “ಯಾವ ಉದ್ಯೋಗದಿಂದ ನಿವೃತ್ತರಾದಿರಿ?”

“ಮರದ ಬೊಂಬೆ ಸಾರ್. ಲೇತಿನ ಕೆಲಸ.”

“ನಿವೃತ್ತರಾದದ್ದು ಯಾವಾಗ?”

ಸಾಹೇಬರ ಮುಖ ಕೆಂಪಗಾಯಿತು. ಯಾರೋ ತಮ್ಮನ್ನು ಕೈಲಾಗದವನೆಂದಂತೆ ಅವರಿಗನ್ನಿಸಿತು. “ನಾನಾ? ನಾನು ಆಗಿಲ್ಲ ಸಾರ್! ಮೊನ್ನೆ ಸಂಜೆನೂ ಹೊಸ ತುಂಡು ಲೇತಿಗೆ ಹಾಕಿ ಬಂದಿದೀನಿ. ಕೈ ನೋಡಿ!” ಎಂದು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ತೋರಿಸಿದರು.

ಗುಮಾಸ್ತೆ ಮೆಲ್ಲಗೆ ತಮಿಳಿನಲ್ಲಿ, “ಅಯ್ಯಾ, ಕೆಲಸ ಬಿಟ್ಟಾಯಿತೆಂದು ಹೇಳಿ,” ಎಂದಳು. ನಾನು ಹಿಂದಿನಿಂದ ಶೇರ್ವಾನಿಯ ಅಂಚನ್ನು ಎಳೆದೆ. ಏನೂ ಪ್ರಯೋಜನವಾಗಲಿಲ್ಲ.

“ಬಿಡದೆ ಬಿಟ್ಟೆ ಅಂತ ಹೆಂಗಮ್ಮಾ ಹೇಳ್ಲಿ? ಸಾರ್, ಅಲ್ಲಿಗೆ ಹೋದ ಮೇಲೂ ಅಷ್ಟೇ, ಅಕ್ಕನ ಹಿತ್ತಲಲ್ಲಿ ಒಂದು ಚಿಕ್ಕ ಲೇತು ಹಾಕ್ತೀನಿ. ನಿಮ್ಮ ಊರಿನ ಮಕ್ಕಳಿಗೆಲ್ಲಾ ಬೊಂಬೆ ಮಾಡಿ ಕೊಡ್ತೀನಿ!”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಲ್ಲಿ ಸಿಟ್ಟಿರಲಿಲ್ಲ. ಈ ವೀಸಾ ಪಡೆದವರು ಥಾಯ್ಲೆಂಡಿನಲ್ಲಿ ಯಾವ ಕೆಲಸವನ್ನೂ ಮಾಡುವಂತಿಲ್ಲ, ಇದು ಕೆಲಸ ಬಿಟ್ಟವರಿಗೆ ಮಾತ್ರ, ಬಿಟ್ಟ ಮೇಲೆ ಬನ್ನಿ ಎಂದು ಹೇಳಿ, ಕಾಗದಗಳ ಕಟ್ಟನ್ನು ಎರಡು ಕೈಯಿಂದ ಗೌರವವಾಗಿ ಹಿಂದಿರುಗಿಸಿದರು.

ಮರಳುವ ರೈಲಿನಲ್ಲಿ ಜೋಲಾರಪೇಟೆ ಬರುವವರೆಗೆ ನಾನು ಕಾಗದಗಳ ಕಟ್ಟನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದೆ. ಆಮೇಲೆ, “ಒಂದು ಮಾತಿಗೆ ಐದು ವಾರದ ಓಡಾಟ ಹಾಳು ಮಾಡಿದಿರಲ್ಲ ಸಾಹೇಬರೇ!” ಎಂದೆ.

“ಬೈರಿ ಮೇಷ್ಟ್ರೇ, ಬೈರಿ. ಆದ್ರೆ ಲೇತಿನ ಮೇಲೆ ತುಂಡು ಐತೆ. ಅದು ಸುಳ್ಳಾ?”

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಮಕ್ಬೂಲ್ ಸಾಹೇಬರ ಕಾಲದಿಂದ ಆ ಮನೆಯಲ್ಲೊಂದು ಕಟ್ಟಳೆ. ಸಂಜೆ ಕೆಲಸ ಮುಗಿದ ಮೇಲೆ ಲೇತನ್ನು ಬರಿದಾಗಿ ಬಿಡುವಂತಿಲ್ಲ. ಮರುದಿನದ ಕೆಲಸಕ್ಕೆ ಒಂದು ತುಂಡು ಆಲೆಮರವನ್ನು ಏರಿಸಿ, ಬಿಗಿದು, ಉಳಿಯಿಂದ ಒಂದು ಗೀರು ಹಾಕಿಯೇ ಬಾಗಿಲು ಮುಚ್ಚಬೇಕು. ಬರಿದಾಗಿ ಮಲಗಿದ ಲೇತು ಬೆಳಿಗ್ಗೆ ಏಳುವುದಿಲ್ಲ ಎಂಬುದು ಹಿರಿಯರ ಮಾತು. ಆ ತುಂಡನ್ನು ಏರಿಸುವ ಹಕ್ಕು ಮನೆಯ ಉಸ್ತಾದನೊಬ್ಬನಿಗೇ. ತಂದೆ ತೀರಿದ ೧೯೮೪ನೆಯ ಆಗಸ್ಟಿನಿಂದ ಆ ಹಕ್ಕು ಶುಕೂರ್ ಸಾಹೇಬರದು. ಹೀಗಾಗಿ ಅವರ ಪಾಲಿಗೆ ಕೆಲಸವೆಂಬುದು ಯಾವ ಸಂಜೆಯೂ ಮುಗಿದದ್ದೇ ಇಲ್ಲ. ನಾಳೆಯದು ಆಗಲೇ ಶುರುವಾಗಿರುತ್ತಿತ್ತು.

ಊರಿಗೆ ಬಂದ ಮೇಲೆ ಬೀದಿಯ ಬಾಯಿ ತೆರೆಯಿತು.

“ಲೇ ಶುಕೂರಾ,” ಎಂದ ಚಿಕ್ಕಹನುಮಯ್ಯ, “ಹೂಂ ಬುಟ್ಟೆ ಅಂದ್ಬುಟ್ಟಿದ್ರೆ ನಿನ್ ಗಂಟೇನ್ಲಾ ಹೋಗ್ತಿತ್ತು? ನಾನು ಹೆಂಡ್ತಿ ಮುಂದೆ ದಿನಾ ಬೀಡಿ ಬುಟ್ಟೆ ಅಂತೀನಿ.”

ವಜೀರಾ ಬೀಬಿಯವರ ಮಾತು ಇನ್ನೂ ಹರಿತವಾಗಿತ್ತು. ಗಂಡನ ಅಕ್ಕನನ್ನು ಆಪಾ ಎನ್ನುತ್ತಿದ್ದ ಅವರು ಊಟಕ್ಕೆ ಬಡಿಸುತ್ತ ಕೇಳಿದರು: “ನಿಮ್ಮನ್ನ ಸೊಂಟದ ಮೇಲೆ ಹೊತ್ಕೊಂಡು ಸಾಕಿದ್ದು ಆಪಾನೋ, ಲೇತೋ?”

ಸಾಹೇಬರು ಅರ್ಧ ಊಟಕ್ಕೇ ಕೈ ತೊಳೆದು ಎದ್ದರು.

ಸುಳ್ಳು ಹೇಳಿಯಾದರೂ ಹೋಗಿಬಿಡೋಣವೆಂದು ಒಂದು ದಿನ ಮನಸ್ಸು ಗಟ್ಟಿ ಮಾಡಿ ಅಕ್ಕನಿಗೆ ಫೋನು ಮಾಡಿದರು. ನಾನು ಎದುರಿಗಿದ್ದೆ. ಅಕ್ಕತಮ್ಮಂದಿರ ಮಾತು ಅವರ ಮನೆಯ ಉರ್ದುವಿನಲ್ಲಿ ನಡೆಯಿತು. ಫೋನಿನ ಧ್ವನಿ ಜೋರಾಗಿದ್ದುದರಿಂದ ನನಗೂ ಕೇಳಿಸಿತು. ಅಮೀರುನ್ನೀಸಾ ಹೇಳಿದ್ದು ಇಷ್ಟು: “ಶುಕ್ಕೂ, ಸುಳ್ಳು ಹೇಳಿ ಬಂದವನ ಕೈಯಿಂದ ನಾನು ರೋಜಾ ಉಪವಾಸ ಬಿಡಲು ಖರ್ಜೂರವನ್ನೂ ತೆಗೆದುಕೊಳ್ಳುವುದಿಲ್ಲ. ಬಿಡುವುದಾದರೆ ನಿಜವಾಗಿ ಬಿಟ್ಟು ಬಾ. ಇಲ್ಲವಾದರೆ ಅಲ್ಲೇ ಇರು. ನಾನು ನಿನ್ನನ್ನು ಬೈಯುವುದಿಲ್ಲ.”

ಬೈಯುವುದಿಲ್ಲ ಎಂದ ಮಾತೇ ಅವರನ್ನು ಅಲ್ಲಾಡಿಸಿತು. ಆ ಸಂಜೆ ಲೇತನ್ನು ಬರಿದಾಗಿ ಬಿಟ್ಟು ಬಾಗಿಲು ಹಾಕಿ ಹೊರಟರು. ಬಡಾಮಕಾನ್ ಮೂಲೆಯವರೆಗೆ ಹೋದರು. ಅಲ್ಲಿಂದ ಸರಸರನೆ ಹಿಂದಿರುಗಿ, ಬೀಗ ತೆಗೆದು, ತುಂಡೊಂದನ್ನು ಏರಿಸಿದ ಮೇಲೆಯೇ ಅವರಿಗೆ ಉಸಿರು ಬಂದದ್ದು.

ಮಾರ್ಚ್ ೧೨ರ ಹೊತ್ತಿಗೆ ಬಿಸಿಲು ಏರಿತ್ತು. ಅರಗು ಹಚ್ಚುವ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ನಿಲ್ಲುವಂತಿರಲಿಲ್ಲ. ವಜೀರಾ ಬೀಬಿಯವರ ತಂಗಿಯ ಮಗಳು ಮುನ್ನೀ ಅಲ್ಲಿ ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಮೂವತ್ತನಾಲ್ಕರ ಹೆಂಗಸು, ಎರಡು ಮಕ್ಕಳ ತಾಯಿ, ಬಾಯಿ ಸ್ವಲ್ಪ ಮುಂದು. ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುವುದರಲ್ಲಿ ಅವಳದು ಎತ್ತಿದ ಕೈ. ದೊಡ್ಡಮ್ಮನ ಗಂಡನನ್ನು ಅವಳು ಖಾಲೂ ಎಂದು ಕರೆಯುತ್ತಿದ್ದಳು. ಖಾಲೂ ಮೂರು ವಾರದಿಂದ ಪೆಚ್ಚುಮೋರೆ ಹಾಕಿಕೊಂಡು, ಸಿಕ್ಕಿದ್ದಕ್ಕೆಲ್ಲ ರೇಗುತ್ತಿದ್ದುದನ್ನು ಸಹಿಸಿ ಸಹಿಸಿ, ಆ ದಿನ ಅವಳು ಕೈಯಲ್ಲಿದ್ದ ಅರಗಿನ ಕಡ್ಡಿಯನ್ನು ಕೆಳಗಿಟ್ಟಳು.

“ಖಾಲೂ, ಒಂದು ಮಾತು ಕೇಳ್ತೀನಿ, ಬೈಬಾರ್ದು. ಲೇತು ಬರಿದು ಮಲಗ್ಬಾರ್ದು ಅಂತ ನಿಮ್ಮ ಅಬ್ಬಾ ಹೇಳಿದ್ರು. ಸರಿ. ಅದ್ರ ಮೇಲೆ ಸಾಯೋ ತನಕ ನಿಮ್ಮ ತುಂಡೇ ಇರ್ಬೇಕು ಅಂತಾನೂ ಹೇಳಿದ್ರಾ?”

“ಹಂಗಂದ್ರೆ?”

“ನಾನು ಹಾಕ್ತೀನಿ. ಲೇತೂ ಬರಿದಾಗಲ್ಲ, ನೀವೂ ಸುಳ್ಳು ಹೇಳಂಗಿಲ್ಲ.”

“ನೀನಾ? ಉಸ್ತಾದ್ ಹಾಕ್ಬೇಕು ಅದ್ನ.”

“ಹದಿನಾರು ವರ್ಷದಿಂದ ಇಲ್ಲಿ ಕಡ್ಲೆಕಾಯಿ ಮಾರ್ತಿದ್ನಾ ನಾನು?”

ಸಾಹೇಬರು ಲೇತಿನ ಮೇಲಿದ್ದ ತುಂಡನ್ನೊಮ್ಮೆ, ಮುನ್ನೀಯ ಕೈಗಳನ್ನೊಮ್ಮೆ ನೋಡಿದರು. ಆಮೇಲೆ, ಕೇಳಿದವರು ಹೇಳುವಂತೆ, ಬೀದಿಗೆ ಕೇಳುವಷ್ಟು ಜೋರಾಗಿ ನಕ್ಕರು. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ನಮ್ಮ ಮನೆಗೆ ಓಡಿಬಂದು, “ಮೇಷ್ಟ್ರೇ, ಗುರುವಾರ ಒಳ್ಳೇ ದಿನಾನಾ?” ಎಂದು ಕೇಳಿದರು.

ಮಾರ್ಚ್ ೧೪, ಗುರುವಾರ ಸಂಜೆ ಕಾರ್ಖಾನೆಯ ಮುಂದೆ ಜನ ಸೇರಿತು. ಚಿಕ್ಕಹನುಮಯ್ಯ ಆ ದಿನಕ್ಕೆಂದೇ ಗಂಟಿಲ್ಲದ, ಹಾಲಿನಂತೆ ಬೆಳ್ಳಗಿದ್ದ ಆಲೆಮರದ ತುಂಡೊಂದನ್ನು ತಂದಿದ್ದ. ಸಾಹೇಬರು ಲೇತಿನ ಮೇಲಿದ್ದ ಕೊನೆಯ ಬುಗುರಿಯನ್ನು ಇಳಿಸಿ, ಉಳಿಗಳನ್ನೆಲ್ಲ ಒರೆಸಿ, ಸಾಲಾಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದರು. ಮುನ್ನೀ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಮುಂದೆ ಬಂದು ತುಂಡನ್ನು ಏರಿಸಿದಳು.

“ಒಸಿ ಎಡಕ್ಕೆ ವಾಲೈತೆ,” ಎಂದರು ಸಾಹೇಬರು.

“ಇಲ್ಲ.”

“ನಾನ್ ನೋಡ್ತಾ ಇದೀನಿ, ವಾಲೈತೆ!”

“ಖಾಲೂ, ನಾಳೆ ಬೆಳಿಗ್ಗೆ ಇದ್ನ ತಿರುಗ್ಸೋಳು ನಾನು. ವಾಲಿದ್ರೆ ನನ್ನ ಮೂಗಿಗೆ ಹೊಡೀತದೆ. ನೀವು ಹೊರಗೆ ನಡೀರಿ, ನೀವು ರಿಟೈರು.”

ಜನ ಹೋ ಎಂದಿತು. ವಜೀರಾ ಬೀಬಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಸಾಹೇಬರು ಹೊಸ್ತಿಲು ದಾಟಿ ಬೀದಿಗಿಳಿದರು. ಅಲ್ಲಿ ನಿಂತು ತಮ್ಮ ಕೈಗಳನ್ನೇ ನೋಡಿಕೊಂಡರು, ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಚಿಕ್ಕಹನುಮಯ್ಯನ ಹೆಗಲ ಮೇಲೆ ಹಾಕಿ, “ಲೇ, ರಜಾ ಕಣ್ಲಾ! ಐವತ್ತು ವರ್ಷ ಆದ್ಮೇಲೆ ರಜಾ!” ಎಂದು ಕೂಗಿದರು. ಶಾಲೆಯ ಕೊನೆಯ ಗಂಟೆ ಹೊಡೆದಾಗ ಹೊರಕ್ಕೆ ನುಗ್ಗುವ ಹುಡುಗರ ಮುಖವನ್ನು ನಾನು ಮೂವತ್ತೊಂದು ವರ್ಷ ನೋಡಿದ್ದೇನೆ. ಆ ಸಂಜೆ ಅವರ ಮುಖ ಅದೇ ಆಗಿತ್ತು.

ಮಾರ್ಚ್ ೨೭, ಬುಧವಾರ ಮತ್ತೆ ಚೆನ್ನೈ. ಅದೇ ಕಿಟಕಿ, ಅದೇ ಅಧಿಕಾರಿ. ಅವರು ಬಾಯಿ ತೆರೆಯುವ ಮೊದಲೇ ಸಾಹೇಬರು, “ರಿಟೈರ್ಡ್ ಸಾರ್! ಮಾರ್ಚ್ ಹದಿನಾಲ್ಕು!” ಎಂದು ಘೋಷಿಸಿದರು. ಸಾಲದೆಂದು ಗುಮಾಸ್ತೆಗೂ ಹೇಳಿದರು; ಸಾಲಿನಲ್ಲಿ ಹಿಂದೆ ನಿಂತಿದ್ದವರ ಕಡೆ ತಿರುಗಿ ಅವರಿಗೂ ಹೇಳಿದರು.

ಅಧಿಕಾರಿಗೆ ಗುರುತು ಸಿಕ್ಕಿತು. “ಅಲ್ಲಿ ಹೋಗಿ ಏನು ಮಾಡುವಿರಿ?” ಎಂದರು.

“ಅಕ್ಕನ ಹತ್ರ ಕೂತ್ಕೊತೀನಿ ಸಾರ್.”

“ಆಮೇಲೆ?”

ಸಾಹೇಬರು ಯೋಚಿಸಿ ಹೇಳಿದರು: “ಆಮೇಲೂ ಕೂತ್ಕೊತೀನಿ.”

ಅಧಿಕಾರಿ ಈ ಸಲವೂ ಕನ್ನಡಕ ತೆಗೆದರು, ಆದರೆ ನಗುವುದಕ್ಕೆ. ಏಪ್ರಿಲ್ ೫, ಶುಕ್ರವಾರ ಶುಕೂರ್ ಸಾಹೇಬರಿಗೆ ವರ್ಷದ ವೀಸಾ, ವಜೀರಾ ಬೀಬಿಯವರಿಗೆ ಪತ್ನಿಯೆಂಬ ನೆಲೆಯ ವೀಸಾ ಬಂದವು. ಏಪ್ರಿಲ್ ೧೮ರಂದು ಮತ ಹಾಕಿ, ೨೪ರಂದು ಬುಧವಾರ ಇಬ್ಬರೂ ವಿಮಾನ ಹತ್ತಿದರು.

ಬ್ಯಾಂಕಿನ ಖಾತೆ ತೆರೆಯುವುದೊಂದು ಬಾಕಿಯಿತ್ತು. ಮುಂದೆ ವೀಸಾ ಮುಂದುವರಿಸಲು ಹಣ ಅಲ್ಲಿನ ಬ್ಯಾಂಕಿನಲ್ಲೇ ಇರಬೇಕಾಗಿತ್ತು. ಹಾಟ್ ಯಾಯ್‌ನ ಮೊದಲನೆಯ ಬ್ಯಾಂಕಿನವರು ಹೊಸದಾಗಿ ಬಂದ ವಿದೇಶಿಯರಿಗೆ ಖಾತೆ ಕೊಡುವುದಿಲ್ಲವೆಂದರು. ಮೇ ೨, ಗುರುವಾರ ಅಕ್ಕ ತಮ್ಮನನ್ನು ಎರಡನೆಯ ಬ್ಯಾಂಕಿಗೆ ಕರೆದೊಯ್ದಳು. ಅವಳ ಗಂಡ ಮೂವತ್ತು ವರ್ಷ ವ್ಯವಹಾರ ಮಾಡಿದ್ದ ಬ್ಯಾಂಕು ಅದು. ವಜೀರಾ ಬೀಬಿ ಫೋನಿನ ಪರದೆಯಲ್ಲಿ ನನಗೆ ಎಲ್ಲವನ್ನೂ ತೋರಿಸಿದರು. ಅಮೀರುನ್ನೀಸಾ ಒಂದು ಕೈಯಿಂದ ತಮ್ಮನ ತೋಳು ಹಿಡಿದು, ಇನ್ನೊಂದರಿಂದ ಮನೆಯ ಪತ್ರಗಳನ್ನು ಮೇಜಿನ ಮೇಲೆ ಬಡಿದು, ಥಾಯ್ ಭಾಷೆಯಲ್ಲಿ ಜೋರು ಮಾಡುತ್ತಿದ್ದಳು. ಮೇಜಿನ ಆಚೆಯ ಹುಡುಗಿ ಉದ್ಯೋಗವೇನೆಂದು ಕೇಳಿದಳು. ಅಕ್ಕ ಮೊದಲೇ ಕಲಿಸಿದ್ದ ಆ ಭಾಷೆಯ ಮಾತನ್ನು ಸಾಹೇಬರು ಎದೆಯುಬ್ಬಿಸಿ ಹೇಳಿದರು: “ಕಸಿಯನ್!” ನಿವೃತ್ತ ಎಂದು ಅದರ ಅರ್ಥ. ಹುಡುಗಿ ಮುದ್ರೆ ಒತ್ತಿದಳು.

“ಮೇಷ್ಟ್ರೇ, ಆಯ್ತು! ನೋಡಿದ್ರಾ, ಆಯ್ತು!” ಎಂದು ಸಾಹೇಬರು ಫೋನಿಗೆ ಕೂಗಿದರು. ಅಕ್ಕ ಅವರ ತಲೆಯ ಮೇಲೊಂದು ಮೊಟಕಿದಳು. “ಬ್ಯಾಂಕಿನಲ್ಲಿ ಕೂಗಬಾರದು,” ಎಂದು ಅವಳು ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು.

ಮುಂದೆ ನಡೆದದ್ದು ಇಷ್ಟು. ಆ ವರ್ಷ ರಂಜಾನ್ ಅಲ್ಲಿ ಮೇ ೬ರಂದು, ನಮ್ಮಲ್ಲಿ ೭ರಂದು ಆರಂಭವಾಯಿತು. ಮೂವರೂ ಒಟ್ಟಿಗೆ ರೋಜಾ ಹಿಡಿದರು. ಅಮೀರುನ್ನೀಸಾ ಅವರ ಕಣ್ಣಿನ ಶಸ್ತ್ರಚಿಕಿತ್ಸೆ ೨೦೧೯ನೆಯ ನವೆಂಬರ್ ೧೨ರಂದು ಆಗಿ, ಬಲಗಣ್ಣಿನ ದೃಷ್ಟಿ ಮರಳಿತು. ಶುಕೂರ್ ಸಾಹೇಬರು ತೊಂಬತ್ತು ದಿನಕ್ಕೊಮ್ಮೆ ಕಚೇರಿಗೆ ಹೋಗಿ ವಿಳಾಸ ತಿಳಿಸುತ್ತ, ವರ್ಷಕ್ಕೊಮ್ಮೆ ವೀಸಾ ಮುಂದುವರಿಸಿಕೊಳ್ಳುತ್ತ ಅಲ್ಲಿದ್ದರು. ಅಲ್ಲಿ ಯಾವ ಕೆಲಸವನ್ನೂ ಮಾಡಲಿಲ್ಲ. ಅಮೀರುನ್ನೀಸಾ ೨೦೨೩ನೆಯ ನವೆಂಬರ್ ೧೮, ಶನಿವಾರ ತೀರಿಕೊಂಡರು. ಗಂಡನ ಗೋರಿಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಮನೆ ಅವರ ಇಚ್ಛೆಯಂತೆ ಮಸೀದಿಗೆ ಹೋಯಿತು. ಹಾಟ್ ಯಾಯ್‌ನ ಬ್ಯಾಂಕಿನ ಖಾತೆಯನ್ನು ೨೦೨೪ನೆಯ ಜನವರಿ ೩೦ರಂದು ಮುಚ್ಚಿ, ಫೆಬ್ರವರಿ ೩, ಶನಿವಾರ ಶುಕೂರ್ ಸಾಹೇಬರೂ ವಜೀರಾ ಬೀಬಿಯವರೂ ಚನ್ನಪಟ್ಟಣಕ್ಕೆ ಹಿಂದಿರುಗಿದರು. ಈಗ ಬಡಾಮಕಾನ್ ಪಕ್ಕದ ಬೀದಿಯ ಮನೆಯಲ್ಲೇ ಇದ್ದಾರೆ. ವಜೀರಾ ಬೀಬಿಯವರಿಗೆ ಮಂಡಿನೋವಿದೆ, ಸಾಹೇಬರು ಆರೋಗ್ಯವಾಗಿದ್ದಾರೆ.